ಡೀಸೆಲ್ ಅಡಿಟಿವ್: ಕಾಪಾಡುವುದೇನು, ಕಾಪಾಡದಿರುವುದೇನು?



ಖೋಬರಿಗೆ ಹೊಂದಿಕೊಂಡಿರುವ ಈ ಥುಕ್ಬಾ ವಾಹನ ದುರಸ್ತಿಯ ವರ್ಕ್‌ಶಾಪುಗಳಿಗೆ ಹೆಸರಾದುದು. ಪಿಕಪ್, ಲಾರಿ, ಜನರೇಟರುಗಳನ್ನು ನಂಬಿ ಬದುಕುವವರು ನಮ್ಮಲ್ಲಿ ಅನೇಕರು. ಇಂಜೆಕ್ಷನ್ ಪಂಪು ಕೆಟ್ಟರೆ ತಿಂಗಳುಗಳ ಉಳಿತಾಯವೇ ಕರಗಿಹೋಗುತ್ತದೆ. ಆದಕಾರಣ, ಸೀಸೆಗಳಲ್ಲಿ ಮಾರುವ ಡೀಸೆಲ್ ಅಡಿಟಿವ್‌ನ ಗುಣಾವಗುಣಗಳನ್ನು ವಿಚಾರಮಾಡುವುದು ಉಚಿತವೆಂದು ಭಾವಿಸಿದ್ದೇವೆ.

ಎಂಜಿನ್ನಿನ ಬೇರಿಂಗು, ಪಿಸ್ಟನ್ನುಗಳಿಗೆ ಎಂಜಿನ್ ಆಯಿಲ್ ಇದೆ. ಆದರೆ ಬಹುಪಾಲು ಇಂಜೆಕ್ಷನ್ ಪಂಪುಗಳ ಒಳಭಾಗಗಳಿಗೆ ಡೀಸೆಲ್ಲೇ ಕೀಲೆಣ್ಣೆ. ಅಲ್ಲಿ ಲೋಹಗಳ ನಡುವಣ ತೆರವು ಕೆಲವೇ ಮೈಕ್ರಾನ್. 1997ರಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡವು ಇಂದು 2,000 ಬಾರನ್ನೂ ಮೀರಿದೆ.

ಹೊಗೆಯ ವಿಷವನ್ನು ತಗ್ಗಿಸಲು ಡೀಸೆಲ್ಲಿನಿಂದ ಗಂಧಕವನ್ನು ತೆಗೆಯುತ್ತಾರೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಅದರ ಮಿತಿ ಹತ್ತು ಲಕ್ಷದಲ್ಲಿ 10 ಭಾಗ. ಆದರೆ ಈ ಶುದ್ಧೀಕರಣದಲ್ಲಿ, ಲೋಹಕ್ಕೆ ಅಂಟಿ ಸವೆತವನ್ನು ತಡೆಯುವ ಸಂಯುಕ್ತಗಳೂ ಹೊರಟುಹೋಗುತ್ತವೆ. 1990ರ ದಶಕದ ಆರಂಭದಲ್ಲಿ ಇಂಥ ಡೀಸೆಲ್ ಬಳಸಿದ ಸ್ವೀಡನ್ನಿನಲ್ಲಿ ಪಂಪುಗಳು ಅಕಾಲದಲ್ಲಿ ಸವೆದವು. ಬಳಿಕ ಪರೀಕ್ಷೆಯೊಂದು ರೂಢಿಗೆ ಬಂದಿತು: ಡೀಸೆಲ್ಲಿನಲ್ಲಿ ಉಕ್ಕಿನ ಗುಂಡನ್ನು ಬಿಲ್ಲೆಯ ಮೇಲೆ 75 ನಿಮಿಷ ಉಜ್ಜಿದಾಗ ಮೂಡುವ ಗಾಯ, ಯುರೋಪಿನ ಮಾನದಂಡದಂತೆ, 460 ಮೈಕ್ರಾನ್ ಮೀರಬಾರದು.

ಈ ಕೊರತೆಯನ್ನು ತುಂಬಲು ಇಂಧನ ಕಂಪನಿಗಳು ಕೊಬ್ಬಿನಾಮ್ಲ ಅಥವಾ ಎಸ್ಟರುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತವೆ. ನಮ್ಮೂರ ಹೊಂಗೆ ಎಣ್ಣೆಯಿಂದ ತಯಾರಾದ ಬಯೋಡೀಸೆಲ್ ನೂರಕ್ಕೆ ಒಂದೆರಡು ಪಾಲು ಬೆರೆತರೂ ಜಾರುಗುಣ ಹೆಚ್ಚುತ್ತದೆ. ಆದರೆ ಗಾಣದ ಹಸಿ ಎಣ್ಣೆಯನ್ನು ಟ್ಯಾಂಕಿಗೆ ಸುರಿಯಲಾಗದು. ಮಂದವಾದ ಅದು ನಾಝಲ್ಲಿನಲ್ಲಿ ಮಸಿಗಟ್ಟುತ್ತದೆ.

ಮಾನದಂಡಕ್ಕೆ ಒಪ್ಪುವ ಡೀಸೆಲ್ಲಿಗೆ ಜಾರುಗುಣದ ಸೀಸೆ ಸಾಮಾನ್ಯವಾಗಿ ಬೇಕಿಲ್ಲ. ಇಂಧನದ ಗುಣ ಸಂದೇಹಾಸ್ಪದವಾದಲ್ಲಿ, ಎಂಜಿನ್ ತಯಾರಕರು ಒಪ್ಪಿದ ಅಡಿಟಿವನ್ನು ಹೇಳಿದಷ್ಟೇ ಅಳತೆಯಲ್ಲಿ ಹಾಕಬಹುದು. ಮಸಿ ಕರಗಿಸುವ ಅಡಿಟಿವ್ ಬೇರೆ ಬಗೆಯದು. ಅದೂ ಸವೆದ ನಾಝಲ್ಲನ್ನು ಹೊಸದಾಗಿಸದು. ಸೀಮೆಎಣ್ಣೆಯ ಬೆರಕೆಯಂತೂ ಜಾರುಗುಣವನ್ನೇ ಕುಗ್ಗಿಸುತ್ತದೆ.

ಈ ಕಡಲತೀರದ ತೇವ, ಮರಳುಗಾಡಿನ ಧೂಳು ಇವೆರಡಕ್ಕೆ ಸೀಸೆಯ ಮದ್ದಿಲ್ಲ. ಅರೆಖಾಲಿ ಟ್ಯಾಂಕಿನಲ್ಲಿ ತೇವ ನೀರಾಗುತ್ತದೆ. ನೀರಿನಿಂದ ತುಕ್ಕು ಹುಟ್ಟುತ್ತದೆ. ನೀರನ್ನು ಡೀಸೆಲ್ಲಿನೊಡನೆ ಕಲಸಿಬಿಡುವ ಅಡಿಟಿವ್ ಅದನ್ನು ಫಿಲ್ಟರ್ ದಾಟಿಸಿ ಇಂಜೆಕ್ಟರಿಗೇ ಒಯ್ಯಬಲ್ಲದು. ಆದುದರಿಂದ ಫಿಲ್ಟರಿನ ತಳದ ನೀರನ್ನು ತಪ್ಪದೆ ಬಸಿಯೋಣ. ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸೋಣ. ದುಡಿಮೆಯ ಗಾಡಿಗೆ ಮೊದಲ ರಕ್ಷೆ ಅದೇ. ಅಡಿಟಿವ್ ಅದರ ನಂತರದ್ದು.