ಉಪಗ್ರಹ ಚಿತ್ರಗಳೂ ಹೊಲಗಳ ಹಳೆಯ ಹೆಸರುಗಳೂ



ಬೆಳುಗುಪ್ಪ, ಕಲ್ಯಾಣದುರ್ಗ ಸೀಮೆಯ ಬೇಸಿಗೆಯ ಹೊಲಗಳನ್ನು ಉಪಗ್ರಹ ಚಿತ್ರದಲ್ಲಿ ನೋಡಿದರೆ ಕೆಂಪು, ಕಪ್ಪು, ಬೂದು ಬಣ್ಣದ ತೇಪೆಗಳು ಕಾಣುತ್ತವೆ. ಅವುಗಳಲ್ಲಿ ಯಾವುದು ಬರಿಯ ಮಣ್ಣು, ಯಾವುದು ಅಳಿದ ನೆಲೆ ಎಂಬುದನ್ನು ಚಿತ್ರವೊಂದೇ ಹೇಳಲಾರದು.

ಈ ಸೀಮೆಗೆ ಅಂತಹ ನೆಲೆಗಳು ಹೊಸತಲ್ಲ. ಕಲ್ಯಾಣದುರ್ಗದ ಕಡೆಯ ಪಾಲವಾಯಿಯಲ್ಲಿ ನವಶಿಲಾಯುಗದ ಬೂದಿದಿಬ್ಬವಿದೆ. ಅಲ್ಲಿ ಉತ್ಖನನ ನಡೆಸಿದ ವಿ. ರಾಮಿರೆಡ್ಡಿಯವರ ಗ್ರಂಥವು 1976ರಲ್ಲಿ ಪ್ರಕಟವಾಯಿತು. ಬಳ್ಳಾರಿ, ರಾಯಚೂರು, ಅನಂತಪುರ ಪ್ರದೇಶಗಳಲ್ಲಿ ಹರಡಿರುವ ಇಂತಹ ದಿಬ್ಬಗಳು ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳ ಕುರುಹುಗಳು. ದೊಡ್ಡಿಯಲ್ಲಿ ಕೂಡಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಅವು ಬೆಳೆದವು. ಉಟ್ನೂರಿನ ದಿಬ್ಬವನ್ನು 1957ರಲ್ಲಿ ಅಗೆದ ಎಫ್. ಆರ್. ಆಲ್ಚಿನ್ ಅವರಿಗೆ ಅಲ್ಲಿ ದನಗಳ ಗೊರಸಿನ ಗುರುತುಗಳೇ ದೊರೆತವು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನಾದರೋ ಜನರು ವಾಲಿಯ ದಹನವಾದ ಸ್ಥಳವೆನ್ನುತ್ತಾರೆ. ಕಥೆಯು ಇತಿಹಾಸವಲ್ಲ, ನಿಜ; ಆದರೆ ಅಲ್ಲಿರುವುದು ಸುಟ್ಟ ಬೂದಿ ಎಂಬ ತಿಳಿವನ್ನು ಕಾಪಾಡಿಕೊಂಡು ಬಂದುದು ಆ ಕಥೆಯೇ.

ಉಪಗ್ರಹವು ಕಾಣುವುದು ವ್ಯತ್ಯಾಸವನ್ನು. ಮಣ್ಣಿನಡಿಯಲ್ಲಿ ಗೋಡೆಯಿದ್ದರೆ ಅದರ ಮೇಲಿನ ಪೈರಿಗೆ ತೇವ ಸಾಲದೆ ಬೇಗ ಬಾಡುತ್ತದೆ. ಹೂತುಹೋದ ಕಂದಕವಿದ್ದರೆ ಪೈರು ಹುಲುಸಾಗಿರುತ್ತದೆ. ಬರಿಗಣ್ಣಿಗೆ ತೋರದ ಈ ಭೇದವನ್ನು ಅವರಕ್ತ ಕಿರಣಗಳಲ್ಲಿ ತೆಗೆದ ಚಿತ್ರವು ತೋರಿಸಬಲ್ಲದು. ಭಾರತವು 2005ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದ ಚಿತ್ರದಲ್ಲಿ ಒಂದು ಬಿಂದುವೆಂದರೆ ನೆಲದ ಮೇಲೆ 2.5 ಮೀಟರ್. ಮೂವತ್ತು ಮೀಟರ್ ಅಗಲದ ದಿಬ್ಬದ ಅಡ್ಡಕ್ಕೆ ಅದರಲ್ಲಿ ಹನ್ನೆರಡೇ ಬಿಂದುಗಳು! ಮಕ್ಕಳಿಗೆ ಇದನ್ನು ಚೌಕಳಿ ಹಾಳೆಯ ಮೇಲೆ ಲೆಕ್ಕ ಹಾಕಿಸಿದರೆ ಚಿತ್ರದ ಶಕ್ತಿಯೂ ಮಿತಿಯೂ ಒಟ್ಟಿಗೇ ತಿಳಿಯುತ್ತವೆ.

ಚಿತ್ರಕ್ಕೆ ಸಾಕ್ಷಿಯ ಬೆಂಬಲ ಬೇಕೆಂಬುದಕ್ಕೆ ಬೆಂಗಳೂರಿನ ಕೋಟೆ ಒಳ್ಳೆಯ ನಿದರ್ಶನ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಗೆದ್ದ ಆ ಕಲ್ಲುಕೋಟೆಯಲ್ಲಿ ಇಂದು ಉಳಿದಿರುವುದು ಸಣ್ಣ ಭಾಗ. ಎನ್. ಎಸ್. ನಳಿನಿ ಮತ್ತು ಎಂ. ಬಿ. ರಜನಿ ಅವರು ಕೋಟೆಯ ಹಳೆಯ ನಕ್ಷೆ, ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ನಡೆಸಿದ ಅಧ್ಯಯನವು 2012ರಲ್ಲಿ ಪ್ರಕಟವಾಯಿತು. ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊಂದಿಸಿದಾಗ, ಅಳಿದ ಗೋಡೆಯು ಯಾವ ಬೀದಿಯಲ್ಲಿ ಹಾದುಹೋಗಿತ್ತೆಂದು ಗುರುತಿಸಲು ಸಾಧ್ಯವಾಗುತ್ತದೆ.

ಹಳ್ಳಿಯ ಹೊಲಕ್ಕೆ ಅಂತಹ ನಕ್ಷೆ ಎಲ್ಲಿಂದ ಬರಬೇಕು? ಅಲ್ಲಿ ನಕ್ಷೆಯ ಕೆಲಸವನ್ನು ಹೆಸರು ಮಾಡುತ್ತದೆ. ಚಿತ್ರದಲ್ಲಿ ಕಂಡ ಬಿಳಿಚು ಕಲೆ ಚೌಳು ಮಣ್ಣಿರಬಹುದು, ಸುಣ್ಣದ ಗೂಡಿರಬಹುದು, ಕಲ್ಲುಗಣಿಯ ಪುಡಿಯಿರಬಹುದು. ಆ ಹೊಲವನ್ನು ಮುದುಕರೊಬ್ಬರು 'ಬೂದಿದಿಬ್ಬ'ವೆಂದೋ 'ಹಾಳೂರು' ಎಂದೋ ಕರೆದರೆ ಹುಡುಕಾಟಕ್ಕೆ ದಾರಿ ಸಿಕ್ಕಂತೆ. ಕಂದಾಯದ ಕಡತದಲ್ಲಿ ಅದೇ ಹೊಲವು ಒಂದು ಸರ್ವೆ ನಂಬರು ಮಾತ್ರ. ಕನ್ನಡವು ಮನೆಮಾತಾಗಿ ಉಳಿದಿರುವ ಗಡಿಯ ಊರುಗಳಲ್ಲಿ ಇಂತಹ ಹೆಸರುಗಳು ಶಾಲೆಯ ಪುಸ್ತಕದಲ್ಲಿಲ್ಲ, ಮೊಮ್ಮಕ್ಕಳ ಬಾಯಲ್ಲಿಯೂ ವಿರಳ. ಇತ್ತ ದಿಬ್ಬದ ಬೂದಿ ಗೊಬ್ಬರವಾಗಿ ಹೊಲಕ್ಕೆ ಸಾಗುತ್ತದೆ. ಅತ್ತ ಹೆಸರು ಮರೆಯಾಗುತ್ತದೆ. ಎರಡೂ ಹೋದ ಮೇಲೆ ಉಪಗ್ರಹವು ಕಂಡರೂ ಗುರುತಿಸುವವರಿಲ್ಲ.

ಹೆಸರಿನಲ್ಲಿಯೂ ಎಚ್ಚರ ಬೇಕು. ಗುಪ್ಪೆ ಎಂದರೆ ರಾಶಿ ಎಂಬ ಅರ್ಥ ಕನ್ನಡದಲ್ಲಿದೆ. ಅಷ್ಟರಿಂದಲೇ ಬೆಳುಗುಪ್ಪವನ್ನು ಬಿಳಿಯ ಬೂದಿಯ ರಾಶಿಯೆಂದು ಬಿಡಿಸುವುದು ಅವಸರದ ಮಾತು. ತರಗತಿಯಲ್ಲಿ ಇಂತಹ ಊಹೆಗಳು ಸೊಗಸಾಗಿಯೇ ಹುಟ್ಟುತ್ತವೆ. ಅವು ಊಹೆಯೆಂದೇ ದಾಖಲಾಗಬೇಕು.

ಇಸ್ರೋದ ಭುವನ್ ತಾಣದಲ್ಲಿ ಊರಿನ ಚಿತ್ರವನ್ನು ತೆರೆದು, ಮಕ್ಕಳಿಂದ ಕೈನಕ್ಷೆ ಬರೆಸಬಹುದು. ಪ್ರತಿ ಹೊಲ, ಕೆರೆ, ದಿಬ್ಬದ ಹೆಸರನ್ನು ಮನೆಯ ಹಿರಿಯರಿಂದ ಕೇಳಿ, ಅವರು ಉಚ್ಚರಿಸಿದಂತೆಯೇ ಕನ್ನಡದಲ್ಲಿ ಬರೆಯಲಿ. ತೆಲುಗಿನ ಹೆಸರಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಲಿ. ಯಾರೂ ಅಗೆಯಬಾರದು. ನೆಲದಲ್ಲಿ ದೊರೆತ ಹತ್ತು ರೂಪಾಯಿ ಮೀರಿದ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾಯಿದೆ ಹೇಳುತ್ತದೆ. ನಿಧಿಗಳ್ಳರ ಭಯವಿರುವುದರಿಂದ ದಿಬ್ಬದ ನಿಖರವಾದ ಜಾಗವನ್ನು ಗೋಡೆಪತ್ರಿಕೆಯಲ್ಲಿ ಹಾಕದಿರುವುದು ಲೇಸು. ನಕ್ಷೆಯ ಒಂದು ಪ್ರತಿ ಶಾಲೆಯ ಬೀರುವಿನಲ್ಲಿರಲಿ, ಇನ್ನೊಂದು ಪುರಾತತ್ವ ಇಲಾಖೆಗೆ ಹೋಗಲಿ. ಹೆಸರು ಹೇಳಿದವರ ವಯಸ್ಸನ್ನೂ ಕೇಳಿದ ದಿನವನ್ನೂ ಅಂಚಿನಲ್ಲಿ ಬರೆಯುವುದನ್ನು ಮರೆಯಬಾರದು.