ಮರೆವಿನ ರೋಗವೂ ವಂಶವಾಹಿಯೂ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಸಾರಾಂಶ)



"ಅಜ್ಜಿಗೆ ಮರೆವಿನ ರೋಗ ಬಂದಿದೆ. ನಾಳೆ ಅಮ್ಮನಿಗೆ, ಮುಂದೆ ನನಗೂ ಬರುತ್ತದೆಯೇ?" ಅಲ್ಝೈಮರ್ ರೋಗಿಗಳಿರುವ ಮನೆಗಳಲ್ಲಿ ಈ ಭಯ ಸಹಜ. ಇದಕ್ಕೆ ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ನೋಡೋಣ.

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ಈ ರೋಗವನ್ನು ಮೊದಲು ವಿವರಿಸಿದರು. ಇದರಲ್ಲಿ ವಂಶವಾಹಿಗಳ ಪಾತ್ರ ಎರಡು ಬಗೆಯದು.

ಮೊದಲನೆಯದು ಅಪರೂಪದ್ದು. ಎಪಿಪಿ, ಪ್ರೆಸೆನಿಲಿನ್-1 ಮತ್ತು ಪ್ರೆಸೆನಿಲಿನ್-2 ಎಂಬ ಮೂರು ವಂಶವಾಹಿಗಳಲ್ಲಿ ಒಂದು ಕೆಟ್ಟರೆ, 65 ವರ್ಷಕ್ಕೆ ಮೊದಲೇ ರೋಗ ಬರುವುದು ಬಹುತೇಕ ಖಚಿತ. ಅದು ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಒಟ್ಟು ರೋಗಿಗಳಲ್ಲಿ ಇಂಥವರು ಶೇಕಡಾ 1ರಷ್ಟೂ ಇಲ್ಲ.

ಎರಡನೆಯದು ಸಾಮಾನ್ಯವಾದುದು. 19ನೇ ವರ್ಣತಂತುವಿನಲ್ಲಿ ಎಪಿಒಇ ಎಂಬ ವಂಶವಾಹಿಯಿದೆ. ಮಿದುಳಿನಲ್ಲಿ ಕೊಬ್ಬನ್ನು ಸಾಗಿಸುವ ಪ್ರೋಟೀನನ್ನು ತಯಾರಿಸುವುದು ಅದರ ಕೆಲಸ. ಅದರಲ್ಲಿ 2, 3, 4 ಎಂಬ ಮೂರು ರೂಪಗಳು. ತಂದೆಯಿಂದ ಒಂದು, ತಾಯಿಯಿಂದ ಒಂದು ನಮಗೆ ಬರುತ್ತವೆ. ನಾಲ್ಕನೆಯ ರೂಪ ರೋಗದ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಎಂಬುದು 1993ರಲ್ಲಿ ಗೊತ್ತಾಯಿತು. ಒಂದು ಪ್ರತಿಯಿದ್ದರೆ ಅಪಾಯ ಸುಮಾರು ಮೂರು ಪಟ್ಟು. ಎರಡಿದ್ದರೆ ಇನ್ನೂ ಹೆಚ್ಚು. ಎರಡನೆಯ ರೂಪ ಕೊಂಚ ರಕ್ಷಣೆ ಕೊಡುತ್ತದೆ. ಆದರೆ ನೆನಪಿಡಿ: ನಾಲ್ಕನೆಯ ರೂಪವಿದ್ದೂ ರೋಗ ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ.

ಕೊಲಂಬಿಯಾ ದೇಶದ ಒಂದು ಉದಾಹರಣೆ ಕೇಳಿ. ಅಲ್ಲಿನ ಆಂಟಿಯೋಕಿಯಾ ಪ್ರಾಂತದ ಕೆಲವು ಕುಟುಂಬಗಳಲ್ಲಿ ಪ್ರೆಸೆನಿಲಿನ್-1ರ ದೋಷ ತಲೆಮಾರುಗಳಿಂದ ಬಂದಿದೆ. ವೈದ್ಯ ಫ್ರಾನ್ಸಿಸ್ಕೋ ಲೊಪೇರಾ ದಶಕಗಳ ಕಾಲ ಅವರನ್ನು ಅಧ್ಯಯನ ಮಾಡಿದರು. ದೋಷವಿರುವವರಿಗೆ ಸುಮಾರು 44ರ ವಯಸ್ಸಿಗೇ ನೆನಪು ಕುಂದತೊಡಗುತ್ತದೆ. ಆದರೆ ಅವರಲ್ಲೇ ಒಬ್ಬ ಮಹಿಳೆ ಎಪ್ಪತ್ತರವರೆಗೂ ಚೆನ್ನಾಗಿದ್ದರು! ಆಕೆಯ ಎಪಿಒಇ ವಂಶವಾಹಿಯ ಎರಡೂ ಪ್ರತಿಗಳಲ್ಲಿ 'ಕ್ರೈಸ್ಟ್‌ಚರ್ಚ್' ಎಂಬ ಅಪರೂಪದ ಬದಲಾವಣೆಯಿತ್ತೆಂದು 2019ರಲ್ಲಿ ಪ್ರಕಟವಾಯಿತು. ಒಂದು ವಂಶವಾಹಿ ತಂದ ಕೇಡನ್ನು ಇನ್ನೊಂದು ತಡೆದು ನಿಲ್ಲಿಸಿತ್ತೆಂದು ಸಂಶೋಧಕರು ಭಾವಿಸಿದ್ದಾರೆ. ಹೊಸ ಔಷಧಿಯ ಹುಡುಕಾಟಕ್ಕೆ ಇದೊಂದು ದಾರಿ.

ಹಾಗಾದರೆ ನಾವೇನು ಮಾಡಬಹುದು? ಹುಟ್ಟಿನಿಂದ ಬಂದುದನ್ನು ಬದಲಿಸಲಾಗದು. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡುತನ ಮುಂತಾದ 14 ಕಾರಣಗಳನ್ನು ಸರಿಪಡಿಸಿದರೆ, ಜಗತ್ತಿನ ಮರೆವಿನ ರೋಗಗಳಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆಯೆಂದು 2024ರ ಲ್ಯಾನ್ಸೆಟ್ ಆಯೋಗದ ವರದಿ ಹೇಳಿದೆ. ಆ ಪಟ್ಟಿಯಲ್ಲಿ ಎಳವೆಯಲ್ಲಿ ಶಿಕ್ಷಣ ಸಿಗದಿರುವುದೂ ಒಂದು.

ಪೋಷಕರೇ, ಮಗಳನ್ನು ಅರ್ಧಕ್ಕೆ ಶಾಲೆ ಬಿಡಿಸುವ ಮುನ್ನ ಈ ಮಾತನ್ನೂ ನೆನೆಯಿರಿ. ಇಂದಿನ ಓದು ಅವಳ ಮುಪ್ಪಿನ ನೆನಪನ್ನೂ ಕಾಯಬಲ್ಲದು.