ಕಾಗದದ ಊರಿನಲ್ಲಿ ಪುಸ್ತಕದ ಪಾಠ



ಯಾವುದಾದರೂ ಕನ್ನಡ ಪುಸ್ತಕವನ್ನು ಕೈಗೆತ್ತಿಕೊಳ್ಳಿ. ಶೀರ್ಷಿಕೆಯ ಹಾಳೆಯನ್ನು ತಿರುವಿದರೆ ಅದರ ಬೆನ್ನಿಗೆ ಸಣ್ಣ ಅಕ್ಷರಗಳ ಒಂದು ಪುಟವಿರುತ್ತದೆ. ಹಕ್ಕುಗಳು ಯಾರವು, ಮೊದಲ ಮುದ್ರಣ ಯಾವ ವರ್ಷದ್ದು, ಪ್ರತಿಗಳೆಷ್ಟು, ಬೆಲೆಯೆಷ್ಟು, ಮುದ್ರಿಸಿದವರು ಯಾರು ಎಂಬ ವಿವರಗಳ ಜೊತೆಗೆ ಎಷ್ಟೋ ಪುಸ್ತಕಗಳಲ್ಲಿ ‘ಬಳಸಿದ ಕಾಗದ’ ಎಂದೊಂದು ಸಾಲೂ ಇರುತ್ತದೆ. ಓದುಗರು ಆ ಪುಟವನ್ನು ದಾಟಿ ಮುಂದೆ ಹೋಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬರೆಯಬೇಕೆಂದು ಹೊರಟವರೂ ಅದನ್ನು ದಾಟಿಯೇ ಹೋಗುತ್ತಾರೆ. ಕಥೆ ಕಟ್ಟುವುದನ್ನು, ಕವಿತೆ ತಿದ್ದುವುದನ್ನು ಹೇಳಿಕೊಡುವ ಕಮ್ಮಟಗಳು ಕನ್ನಡದಲ್ಲಿ ನಡೆಯುತ್ತಲೇ ಇರುತ್ತವೆ. ಕಟ್ಟಿದ ಕಥೆ ಪುಸ್ತಕವಾಗುವುದು ಹೇಗೆ, ಆ ಪುಸ್ತಕ ಓದುಗರ ಮನೆ ಮುಟ್ಟುವುದು ಹೇಗೆ ಎಂಬುದನ್ನು ಕಲಿಸುವ ಜಾಗಗಳು ಕಡಿಮೆ. ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಕೊರತೆಯಿಂದ ಏನೇನು ಕಳೆದುಹೋಗುತ್ತಿದೆ ಎಂಬುದು ತಿಳಿಯುತ್ತದೆ.

ಮೊದಲು ದಾಂಡೇಲಿ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ 1955ರಲ್ಲಿ ಸ್ಥಾಪನೆಯಾಗಿ, 1959ರಲ್ಲಿ ಇಲ್ಲಿ ಕಾಗದ ತಯಾರಿಸತೊಡಗಿತು. ಕಾಳಿ ನದಿಯ ನೀರು, ಸುತ್ತಲಿನ ಕಾಡಿನ ಬಿದಿರು, ಇವೆರಡನ್ನು ನಂಬಿ ಕಾರ್ಖಾನೆ ಬಂದಿತು. ಬಿದಿರು ಸಾಲದಾದಂತೆ ನೆಟ್ಟು ಬೆಳೆಸಿದ ನೀಲಗಿರಿ, ಗಾಳಿ, ಸುಬಾಬುಲ್ ಮರಗಳ ತಿರುಳು ಅದರ ಜಾಗಕ್ಕೆ ಬಂದಿತು. ಬರೆಯುವ ಕಾಗದ, ಅಚ್ಚಿನ ಕಾಗದ ಈ ಊರಿನಿಂದ ನಾಡಿನ ಮೂಲೆಮೂಲೆಗೂ ಹೋಗುತ್ತದೆ. ಎಷ್ಟು ಮಂದಿಯ ಕಥೆ ಕಾದಂಬರಿಗಳು ಈ ಕಾಗದದ ಮೇಲೆ ಅಚ್ಚಾಗಿವೆಯೋ ಲೆಕ್ಕವಿಲ್ಲ. ಆದರೆ ಬಿದಿರು ಕೊಟ್ಟ ಕಾಡಿನವರ ಮಾತು ಅದರ ಮೇಲೆ ಎಷ್ಟು ಬಂದಿದೆ?

ಪಕ್ಕದ ಜೋಯಿಡಾ ತಾಲ್ಲೂಕಿಗೆ ಮೊದಲು ಸೂಪಾ ಎಂದೇ ಹೆಸರು. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಊರು ಹಿನ್ನೀರಿನಲ್ಲಿ ಮುಳುಗಿತು. ಆ ಊರಿನ ಸಂತೆಯನ್ನೂ ಬೀದಿಯನ್ನೂ ಕಣ್ಣಾರೆ ಕಂಡವರಿಗೆ ಈಗ ವಯಸ್ಸಾಗಿದೆ. ಜೋಯಿಡಾದ ಕಾಡಿನ ನಡುವಿನ ಹಳ್ಳಿಗಳಲ್ಲಿ ಕುಣಬಿಗಳು ಕೊಂಕಣಿಯ ಒಂದು ಬಗೆಯನ್ನು ಆಡುತ್ತಾರೆ. ಹಳಿಯಾಳ, ಮುಂಡಗೋಡ ಮತ್ತು ನಡುವಿನ ಯಲ್ಲಾಪುರದ ಕಡೆಯಲ್ಲಿ ಆಫ್ರಿಕ ಮೂಲದ ಸಿದ್ದಿ ಜನರಿದ್ದಾರೆ; 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ ಈ ಜನರ ಮನೆಮಾತು ಮರಾಠಿ, ಕನ್ನಡಗಳು ಬೆರೆತ ಕೊಂಕಣಿ. ದನ ಸಾಕುವ ಗೌಳಿಗಳ ಮಾತು ಮರಾಠಿಯ ಬಗೆಯದು. ಶಾಲೆಯ ಮಾತು ಮಾತ್ರ ಹೆಚ್ಚಾಗಿ ಕನ್ನಡ. ಇವರಲ್ಲಿ ಬರೆಯಬಲ್ಲ ತರುಣ ತರುಣಿಯರು ಈಗ ಇದ್ದಾರೆ. ಅವರಲ್ಲಿ ಹೆಚ್ಚಿನವರು ಊರು ಬಿಟ್ಟು ಎರಡು ವರ್ಷ ದೂರದ ನಗರದಲ್ಲಿ ಕುಳಿತು ಕಲಿಯುವ ಸ್ಥಿತಿಯಲ್ಲಿಲ್ಲ. ಒಬ್ಬರಿಗೆ ಕಾರ್ಖಾನೆಯ ಪಾಳಿ, ಇನ್ನೊಬ್ಬರಿಗೆ ಅಂಗನವಾಡಿ, ಮತ್ತೊಬ್ಬರಿಗೆ ಗದ್ದೆ.

ಇಂಥವರಿಗಾಗಿ ಬೇರೆ ದೇಶಗಳಲ್ಲಿ ಒಂದು ಪದ್ಧತಿ ರೂಪುಗೊಂಡಿದೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿದ್ದ ಗೊಡಾರ್ಡ್ ಕಾಲೇಜು 1963ರಲ್ಲಿ, ಸಂಸಾರ ಮತ್ತು ನೌಕರಿ ಇರುವ ವಯಸ್ಕರಿಗಾಗಿ ಅಲ್ಪಕಾಲದ ವಾಸದ ಶಿಕ್ಷಣವನ್ನು ಆರಂಭಿಸಿತು. 1976ರಲ್ಲಿ ಕವಯಿತ್ರಿ ಎಲೆನ್ ಬ್ರಾಯಂಟ್ ವಾಯ್ಟ್ ಅಲ್ಲಿಯೇ ಸೃಜನಶೀಲ ಬರವಣಿಗೆಯ ಸ್ನಾತಕೋತ್ತರ ತರಗತಿಯನ್ನು ಅದೇ ಕ್ರಮದಲ್ಲಿ ತೆರೆದರು. ಕ್ರಮ ಸರಳವಾದದ್ದು. ವರ್ಷಕ್ಕೆ ಎರಡು ಬಾರಿ, ಪ್ರತಿಸಲ ಹತ್ತು ದಿನಗಳಷ್ಟು, ಎಲ್ಲರೂ ಒಂದೆಡೆ ಸೇರುತ್ತಾರೆ. ಉಪನ್ಯಾಸ, ಓದು, ಚರ್ಚೆ ಎಲ್ಲವೂ ಆ ದಿನಗಳಲ್ಲಿ. ಉಳಿದ ತಿಂಗಳುಗಳಲ್ಲಿ ವಿದ್ಯಾರ್ಥಿ ತನ್ನ ಮನೆಯಲ್ಲೇ ಇದ್ದು ಬರೆಯುತ್ತಾನೆ. ಬರೆದದ್ದನ್ನು ಗೊತ್ತುಪಡಿಸಿದ ಒಬ್ಬ ಹಿರಿಯ ಲೇಖಕರಿಗೆ ಕಳಿಸುತ್ತಾನೆ. ಅವರು ದೀರ್ಘ ಪತ್ರ ಬರೆದು ತಿದ್ದುತ್ತಾರೆ. ಗೊಡಾರ್ಡ್ ಕಾಲೇಜು 2024ರಲ್ಲಿ ಮುಚ್ಚಿಹೋಯಿತು. ಅದು ಹಾಕಿಕೊಟ್ಟ ದಾರಿಯಲ್ಲಿ ಇತರ ಸಂಸ್ಥೆಗಳು ನಡೆಯುತ್ತಿವೆ.

ಇಂಥ ಕೆಲವು ಕಡೆ ಬರವಣಿಗೆಯ ಜೊತೆಗೆ ಪ್ರಕಾಶನವನ್ನೂ ಪಾಠವಾಗಿ ಇಟ್ಟಿದ್ದಾರೆ. ವೆಸ್ಟರ್ನ್ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪ್ರಕಾಶನ ಕಲಿಯುವವರು ಒಟ್ಟಾಗಿ ಒಂದು ಕಥಾಸಂಕಲನವನ್ನೇ ಹೊರತರುತ್ತಾರೆ. ಕಥೆಗಳನ್ನು ಆಹ್ವಾನಿಸಿ, ಬಂದ ರಾಶಿಯನ್ನು ಓದಿ, ಬೇಡವಾದವನ್ನು ಬಿಟ್ಟು, ಆಯ್ದವನ್ನು ಸಂಪಾದಿಸಿ ಪುಸ್ತಕ ಮಾಡುತ್ತಾರೆ. ತನ್ನ ಕಥೆ ಏಕೆ ತಿರಸ್ಕಾರವಾಯಿತೆಂದು ಕೊರಗುವ ಲೇಖಕ ಇನ್ನೊಬ್ಬರ ಕಥೆಗಳ ರಾಶಿಯ ಮುಂದೆ ಕುಳಿತಾಗ ಕಲಿಯುವುದು ದೊಡ್ಡ ಪಾಠ. ಭಾರತದಲ್ಲಿ 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೂ ಪುಸ್ತಕ ಪ್ರಕಾಶನದ ಡಿಪ್ಲೊಮಾವನ್ನು ರೂಪಿಸಿತು. ಆದರೆ ಅಂಚೆಯಲ್ಲಿ ಬರುವ ಪಾಠಕ್ಕೂ, ತನ್ನದೇ ಹಸ್ತಪ್ರತಿಯನ್ನು ಒಬ್ಬರು ಸಾಲು ಸಾಲಾಗಿ ಓದಿ ಉತ್ತರಿಸುವುದಕ್ಕೂ ಅಂತರವಿದೆ.

ಹಾಗೆಂದು ಇದು ಕನ್ನಡಕ್ಕೆ ತೀರಾ ಹೊಸದೇನಲ್ಲ. ಪದವಿಯ ಹೆಸರಿಲ್ಲದೆ ಕನ್ನಡದ ಲೇಖಕರು ಈ ವಿದ್ಯೆಯನ್ನು ಕಲಿತವರೇ. ಗಳಗನಾಥರು ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿ ಕೈಸುಟ್ಟುಕೊಂಡೂ ಕಲಿತರು. ಹಳಿಯಾಳದಿಂದ ಬಸ್ಸು ಹತ್ತಿದರೆ ಸಮೀಪದ ದೊಡ್ಡ ಊರು ಧಾರವಾಡ. ಅಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಕಟ್ಟಿದ್ದು ಚಂದಾದಾರರನ್ನು ನಂಬಿ. ಓದುಗರು ಮುಂಗಡವಾಗಿ ಹಣ ಕೊಡುತ್ತಿದ್ದರು, ಪುಸ್ತಕಗಳು ಮನೆಗೆ ಬರುತ್ತಿದ್ದವು. ಗ್ರಂಥಮಾಲೆಯ ಅಟ್ಟದಲ್ಲಿ ಹಸ್ತಪ್ರತಿಗಳ ಓದು, ಜಗಳ, ತಿದ್ದುಪಡಿ ಎಲ್ಲ ನಡೆಯುತ್ತಿದ್ದವು. ಕೀರ್ತಿನಾಥ ಕುರ್ತಕೋಟಿಯವರು ಸಲಹೆಗಾರರಾಗಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಆ ಅಟ್ಟವನ್ನು ಒಂದು ವಿದ್ಯಾಲಯವೆಂದರೆ ಉತ್ಪ್ರೇಕ್ಷೆಯಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟಗಳ ನಡುವೆ ನೀನಾಸಮ್ ರಂಗಸಂಸ್ಥೆಯನ್ನೂ ಅಕ್ಷರ ಪ್ರಕಾಶನವನ್ನೂ ಬೆಳೆಸಿದರು. ಅಲ್ಲಿಯ ವಾರ್ಷಿಕ ಸಂಸ್ಕೃತಿ ಶಿಬಿರಕ್ಕೆ ಹಲವು ಕಸುಬುಗಳ ಜನ ಬಂದು, ಕೆಲವು ದಿನ ಒಟ್ಟಿಗಿದ್ದು, ಮತ್ತೆ ತಮ್ಮ ತಮ್ಮ ಊರಿಗೆ ಮರಳುತ್ತಾರೆ. ಪ್ರಕಾಶನ ನಡೆಸಲು ಬೆಂಗಳೂರೇ ಆಗಬೇಕಿಲ್ಲ ಎಂಬುದಕ್ಕೆ ಹೆಗ್ಗೋಡಿಗಿಂತ ಬೇರೆ ಸಾಕ್ಷಿ ಬೇಡ.

ಇದಕ್ಕಿಂತ ಹತ್ತಿರದ ಸಾಕ್ಷಿ ಮುಂಡಗೋಡದಲ್ಲಿದೆ. ಅಲ್ಲಿಯ ಟಿಬೆಟನ್ ಕಾಲೊನಿ 1966ರಲ್ಲಿ ಆರಂಭವಾಯಿತು. ಪ್ರವಾಸಿಗರು ಬಂದು ಚಿನ್ನದ ಬಣ್ಣದ ಮೂರ್ತಿಗಳನ್ನು ನೋಡಿ ಹೋಗುತ್ತಾರೆ. ಅಲ್ಲಿಯ ಅಚ್ಚಿನ ಮನೆಯ ಕಥೆಯನ್ನು ಕೇಳುವವರು ಕಡಿಮೆ. 1959ರ ನಂತರ ಟಿಬೆಟ್ ತೊರೆದು ಬಂದ ಭಿಕ್ಷುಗಳಲ್ಲಿ ಅನೇಕರು ಮೊದಲ ಹತ್ತು ವರ್ಷ ಕಳೆದದ್ದು ಪಶ್ಚಿಮ ಬಂಗಾಳದ ಬಕ್ಸಾ ಕೋಟೆಯಲ್ಲಿ; ಅದು ಬ್ರಿಟಿಷರ ಕಾಲದ ಬಂದೀಖಾನೆ. ಕೈಯಲ್ಲಿದ್ದ ಗ್ರಂಥಗಳು ಕೆಲವೇ. ಆದರೂ ಪಾಠ ನಿಲ್ಲಲಿಲ್ಲ. ಸಿಕ್ಕಿದ ಗ್ರಂಥಗಳನ್ನು ಕೈಯಿಂದ ಪ್ರತಿಮಾಡಿ ಕಲ್ಲಚ್ಚಿನಲ್ಲಿ ಮುದ್ರಿಸಿಕೊಂಡರು. 1969ರ ಸುಮಾರಿಗೆ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳು ಮುಂಡಗೋಡಕ್ಕೆ ಬಂದವು. ಟಿಬೆಟ್‌ನಲ್ಲಿ 1409 ಮತ್ತು 1416ರಲ್ಲಿ ಸ್ಥಾಪನೆಯಾಗಿದ್ದ ಈ ಮಠಗಳ ಭಿಕ್ಷುಗಳು ಇಲ್ಲಿ ನೆಲ ಹದಮಾಡಿ ಬೆಳೆ ತೆಗೆದರು, ಗ್ರಂಥಾಲಯ ಕಟ್ಟಿದರು, ತಮ್ಮ ಪಠ್ಯಗಳನ್ನು ತಾವೇ ಪ್ರಕಟಿಸತೊಡಗಿದರು. ಉದ್ದನೆಯ ಬಿಡಿ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿಡುವ ಅವರ ಗ್ರಂಥದ ಆಕಾರ ಕನ್ನಡಿಗರಿಗೆ ಅಪರಿಚಿತವಲ್ಲ. ಅದು ಹುಟ್ಟಿದ್ದೇ ಭಾರತದ ಓಲೆಗರಿಯ ಅನುಕರಣೆಯಿಂದ.

ಈ ಗ್ರಂಥಗಳಿಗೆ ಕೊಳ್ಳುವವರು ಎಲ್ಲಿಂದ ಬಂದರೆಂಬುದೂ ಪ್ರಕಾಶನದ ಪಾಠವೇ. ಬರಗಾಲದ ದಿನಗಳಲ್ಲಿ ಅಮೆರಿಕದಿಂದ ಗೋಧಿ ತರಿಸಿಕೊಂಡ ಪಿ.ಎಲ್. 480 ಒಪ್ಪಂದವನ್ನು ಹಿರಿಯರು ಮರೆತಿಲ್ಲ. ಆ ಗೋಧಿಗೆ ಭಾರತ ರೂಪಾಯಿಯಲ್ಲಿ ಕೊಟ್ಟ ಹಣದ ಒಂದು ಪಾಲಿನಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇಲ್ಲಿಯ ಪುಸ್ತಕಗಳನ್ನು ಕೊಂಡು ತನ್ನ ದೇಶದ ಗ್ರಂಥಾಲಯಗಳಿಗೆ ಕಳಿಸುತ್ತಿತ್ತು. 1968ರಲ್ಲಿ ಅದರ ದೆಹಲಿ ಕಚೇರಿಗೆ ಸೇರಿದ ಜೀನ್ ಸ್ಮಿತ್ ಎಂಬ ವಿದ್ವಾಂಸರು ನಿರಾಶ್ರಿತರ ಬಳಿ ಉಳಿದಿದ್ದ ಟಿಬೆಟನ್ ಗ್ರಂಥಗಳು ಮರುಮುದ್ರಣವಾಗಲು ಪ್ರೋತ್ಸಾಹ ಕೊಟ್ಟರು. ಇಷ್ಟು ಪ್ರತಿ ಖಂಡಿತ ಮಾರಾಟವಾಗುತ್ತದೆ ಎಂಬ ಭರವಸೆಯೊಂದರಿಂದ ಸಾವಿರಾರು ಗ್ರಂಥಗಳು ನಾಶವಾಗದೆ ಉಳಿದವು. ದೇಶ ಕಳೆದುಕೊಂಡವರು ವಿದ್ಯೆಯನ್ನು ಉಳಿಸಿಕೊಂಡದ್ದು ಬಾಯಿಪಾಠದಿಂದ ಎಷ್ಟೋ, ಅಚ್ಚಿನಿಂದಲೂ ಅಷ್ಟೇ.

ಈಗ ಹಳಿಯಾಳ ತಾಲ್ಲೂಕಿನ ಒಬ್ಬ ಸಿದ್ದಿ ತರುಣಿ ತನ್ನ ಅಜ್ಜಿಯ ಕಥೆಗಳನ್ನು ಬರೆದಿಟ್ಟಿದ್ದಾಳೆ ಎಂದು ಕಲ್ಪಿಸಿಕೊಳ್ಳಿ. ಮೊದಲ ಪ್ರಶ್ನೆ, ಯಾವ ಮಾತಿನಲ್ಲಿ? ಮನೆಯ ಕೊಂಕಣಿಯಲ್ಲೇ ಇರಲಿ ಎಂದರೆ, ಯಾವ ಲಿಪಿಯಲ್ಲಿ? ಕನ್ನಡ ಲಿಪಿಯಾದರೆ ಶಾಲೆಯ ಮಕ್ಕಳು ಓದುತ್ತಾರೆ. ದೇವನಾಗರಿಯಾದರೆ ಗೋವೆಯವರು ಓದುತ್ತಾರೆ. ಅಜ್ಜಿಯ ಹೆಸರು ಮುಖಪುಟದಲ್ಲಿ ಬರಬೇಕೇ, ಅರ್ಪಣೆಯ ಪುಟದಲ್ಲಿ ಸಾಕೇ? ಇವು ಬರವಣಿಗೆಯ ಪ್ರಶ್ನೆಗಳಂತೆ ಕಂಡರೂ ಪ್ರಕಾಶನದ ಪ್ರಶ್ನೆಗಳು. ಉತ್ತರ ಗೊತ್ತಿಲ್ಲದಿದ್ದರೆ ಬೇರೆ ಯಾರೋ ಆಕೆಯ ಪರವಾಗಿ ಉತ್ತರಿಸಿಬಿಡುತ್ತಾರೆ.

ಮುಂದಿನದು ಲೆಕ್ಕ. ಡೆಮಿ ಅಳತೆಯ ಒಂದು ಹಾಳೆಯ ಎರಡೂ ಬದಿ ಸೇರಿ ಪುಸ್ತಕದ 16 ಪುಟಗಳು ಕೂರುತ್ತವೆ. 160 ಪುಟದ ಪುಸ್ತಕವೊಂದಕ್ಕೆ 10 ಹಾಳೆ. ಸಾವಿರ ಪ್ರತಿಗೆ 10,000 ಹಾಳೆ. ರೀಮಿಗೆ 500 ಹಾಳೆಯಂತೆ 20 ರೀಮು. ರಕ್ಷಾಪುಟ, ಹಾಳಾಗುವ ಕಾಗದ ಬೇರೆ. ಬೆಲೆ 200 ರೂಪಾಯಿ, ಲೇಖಕರ ಗೌರವಧನ ಶೇಕಡ 10 ಎಂದಿಟ್ಟುಕೊಂಡರೆ, ಸಾವಿರ ಪ್ರತಿಯೂ ಮುಗಿದಾಗ ಆಕೆಗೆ ಸಿಗುವುದು 20,000 ರೂಪಾಯಿ. ಅಂಗಡಿಯವರ ರಿಯಾಯಿತಿ, ಸಾಗಾಟ, ಗ್ರಂಥಾಲಯ ಇಲಾಖೆ ಪುಟಕ್ಕಿಷ್ಟೆಂದು ದರ ಕಟ್ಟಿ ಕೊಳ್ಳುವ ಸಗಟು ಖರೀದಿ, ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಕೊಡುವ ಸಹಾಯಧನ, ಇವೆಲ್ಲವನ್ನೂ ಅರಿತರೆ ಮಾತ್ರ ಸಾವಿರ ಮುದ್ರಿಸಬೇಕೋ ಮುನ್ನೂರು ಸಾಕೋ ಎಂದು ನಿರ್ಧರಿಸಬಹುದು.

ಕೊನೆಯದು ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಹಕ್ಕು ಅವರ ಜೀವಿತಕಾಲ ಮತ್ತು ಅನಂತರ 60 ವರ್ಷ ಇರುತ್ತದೆ. ಹಕ್ಕನ್ನು ವಹಿಸಿಕೊಡುವುದಾದರೆ ಬರಹದಲ್ಲಿ, ಸಹಿಯೊಡನೆ ಆಗಬೇಕು. ಅವಧಿಯನ್ನು ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದು ಕಾಯ್ದೆ ಹೇಳುತ್ತದೆ. ಇಷ್ಟು ತಿಳಿದಿರದ ಕಾರಣಕ್ಕೆ ಮೊದಲ ಪುಸ್ತಕದ ಖುಷಿಯಲ್ಲಿ ಕಾಗದ ಓದದೆ ಸಹಿ ಹಾಕುವವರುಂಟು. ಇನ್ನು ಪುಸ್ತಕಕ್ಕೆ ಬೇಕಾದ ಐಎಸ್‌ಬಿಎನ್ ಸಂಖ್ಯೆಯನ್ನು ಭಾರತದಲ್ಲಿ ಸರ್ಕಾರದ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಪ್ರಕಟವಾದ ಪ್ರತಿ ಪುಸ್ತಕವೂ 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಸೇರಬೇಕು. ಅಲ್ಲಿಗೆ ಸೇರಿದ ಅಜ್ಜಿಯ ಕಥೆ ಅಜ್ಜಿ ಹೋದ ಮೇಲೂ ಹುಡುಕಿದವರಿಗೆ ಸಿಗುತ್ತದೆ.

ಈ ಪಾಠಗಳಲ್ಲಿ ಒಂದಾದರೂ ಹಳ್ಳಿಯಲ್ಲಿದ್ದು ಕಲಿಯಲಾಗದಂಥದ್ದಲ್ಲ. ಮಳೆಗಾಲ ಮುಗಿದ ಮೇಲೆ ಹತ್ತು ದಿನ, ಬೇಸಿಗೆಯಲ್ಲಿ ಹತ್ತು ದಿನ, ನಡುವೆ ಒಬ್ಬ ಹಿರಿಯರೊಡನೆ ಪತ್ರವ್ಯವಹಾರ. ದಾಂಡೇಲಿಯಲ್ಲಿ ಕಾಗದ ತಯಾರಾಗುತ್ತದೆ, ಮುಂಡಗೋಡದಲ್ಲಿ ಅಚ್ಚಾಗುತ್ತದೆ, ಧಾರವಾಡದಲ್ಲಿ ಪ್ರಕಾಶಕರಿದ್ದಾರೆ, ವಿಶ್ವವಿದ್ಯಾಲಯವಿದೆ. ಹೇಳಬೇಕಾದ ಕಥೆಗಳು ಜೋಯಿಡಾದಲ್ಲೂ ಹಳಿಯಾಳದಲ್ಲೂ ಇವೆ. ಇವುಗಳನ್ನು ಜೋಡಿಸುವ ಒಂದು ತರಗತಿ ಯಾವ ವಿದ್ಯಾಪೀಠಕ್ಕೂ ದೊಡ್ಡ ಹೊರೆಯಾಗಲಾರದು. ತಡವಾದರೆ ಆಗುವ ನಷ್ಟ ಮಾತ್ರ ದೊಡ್ಡದು. ಸೂಪಾ ಊರನ್ನು ಕಂಡವರು ಕಾದು ಕುಳಿತಿರುವುದಿಲ್ಲ.

ಮನೆಗೆ ಹೋಗಿ ಒಂದು ಪುಸ್ತಕ ತೆಗೆದು ಆ ಸಣ್ಣ ಅಕ್ಷರದ ಪುಟವನ್ನು ಒಮ್ಮೆ ಪೂರ್ತಿ ಓದಿ. ಬರೆಯುವವರಿಗೆ ಮೊದಲ ಪಾಠ ಅಲ್ಲಿಯೇ ಇದೆ.